ಬೂದಿಬೆಟ್ಟದ ಆರನೆಯ ಪುಸ್ತಕ

ಖರಾಡಿ, ಪುಣೆ
14 ಜುಲೈ 2025

ಅಪ್ಪಯ್ಯನಿಗೆ,

ಇಲ್ಲಿ ನಾವು ಮೂವರೂ ಇದ್ದೇವೆ. ಅದರ ಮುಂದೆ ‘ಕ್ಷೇಮವಾಗಿ’ ಎಂದು ಬರೆದು ಎರಡು ಹಾಳೆ ಹರಿದೆ. ಇದು ಮೂರನೆಯದು.

ಅತ್ತೆ ಮೊನ್ನೆ ಊರಿಗೆ ಹೊರಟುಹೋದರು. ಅವರಿದ್ದಷ್ಟು ದಿನ ಯಾವಾಗ ಹೋಗುತ್ತಾರೋ ಅನ್ನಿಸುತ್ತಿತ್ತು. ಈಗ ಅಶ್ವಿತ್ ಆಫೀಸಿಗೆ ಹೋದಮೇಲೆ ಹನ್ನೊಂದನೇ ಮಹಡಿಯ ಈ ಮನೆಯಲ್ಲಿ ನನ್ನ ಹೆಜ್ಜೆಯ ಸದ್ದು ನನಗೇ ಕೇಳುತ್ತದೆ. ಅಮ್ಮ ಇದ್ದಿದ್ದರೆ ಬಾಣಂತನಕ್ಕೆ ಭೋರಿಗೇ ಬರುತ್ತಿದ್ದೆ. ಇರಲಿ. ರಕ್ಷಿತನಿಗೆ ನಾಳೆಗೆ ಹನ್ನೊಂದು ವಾರ. ತೂಕ ಸರಿಯಾಗಿದೆ. ನಿಮ್ಮ ಕಿವಿಯೇ ಬಂದಿದೆ ಅವನಿಗೆ.

ನಿಮ್ಮ ಗಂಟಲಿನ ಆಪರೇಷನ್ ಆಗಿ ದನಿ ಹೋದಮೇಲೆ ನಾನು ಒಂದೇ ಸಲ ಫೋನು ಮಾಡಿದ್ದು. ಹಲೋ ಎಂದೆ, ಆ ಕಡೆಯಿಂದ ಗಾಳಿಯ ಸದ್ದು ಮಾತ್ರ ಬಂತು. ನಾನೇ ಇಟ್ಟುಬಿಟ್ಟೆ. ಅದರ ಬಗ್ಗೆ ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿ ಎಂದರೆ, ಒಂದು ವಾಕ್ಯ ಒತ್ತುವಷ್ಟರಲ್ಲಿ ನಾಲ್ಕು ದೋಸೆ ಸೀದುಹೋಗುತ್ತವೆ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಿರಿ. ಹಾಗಾಗಿ ಪತ್ರವೇ ಸರಿ.

ನನಗೊಂದು ಉಪಕಾರವಾಗಬೇಕು. ಬೂದಿಬೆಟ್ಟದ ಮಾತುಗಳು ಬೇಕು. ಪುಸ್ತಕಗಳು ಮನೆ ಬದಲಾಯಿಸುವಾಗ ಎಲ್ಲೋ ಹೋದವು. ಆದರೆ ಹೋಟೆಲಿನ ಬೋರ್ಡಿನ ಮೇಲೆ ದಿನಾ ಬರೆದದ್ದನ್ನೆಲ್ಲ ನೀವು ಡೈರಿಯಲ್ಲಿ ಇಳಿಸಿಟ್ಟಿದ್ದೀರಿ, ನನಗೆ ಗೊತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಪುಣೆಯ ಫುಟ್‌ಪಾತಿನಲ್ಲಿ ಬೂದಿಬೆಟ್ಟದ ಐದು ಸಂಪುಟ ಕೊಡಿಸಿದಿರಲ್ಲ, ಡ್ರ್ಯಾಗನ್ನು, ಮಾತಾಡುವ ನದಿ, ಕುರುಡ ನಕ್ಷೆಗಾರ ಎಲ್ಲ ಇದ್ದ ಇಂಗ್ಲಿಷ್ ಪುಸ್ತಕ. ಇಷ್ಟು ದಪ್ಪ ಪುಸ್ತಕದಲ್ಲಿ ನಮ್ಮ ಹೋಟೆಲಿನ ಬೋರ್ಡಿಗೆ ಒಂದು ಸುವಿಚಾರವಾದರೂ ಸಿಗುತ್ತದೆಯೇ ಎಂದು ನೀವು ತಮಾಷೆ ಮಾಡಿದಿರಿ. ಮಾರನೆಯ ದಿನ ನಾನು ಮರಾಠಿಗೆ ಮಾಡಿ ಕೊಟ್ಟೆ: ‘ಹಸಿದವನ ಹತ್ತಿರ ದಾರಿ ಕೇಳಬೇಡ, ಮೊದಲು ಉಣ್ಣಲು ಕೊಡು.’ ಕೆಳಗೆ ‘ಅಜ್ಞಾತ’ ಎಂದು ಬರೆದಿರಿ. ಅವತ್ತು ಯಾರೋ ಒಬ್ಬರು ಇದು ಯಾವ ಸಂತರ ವಾಣಿ ಎಂದು ಕೇಳಿ ಎರಡು ಪ್ಲೇಟ್ ಹೆಚ್ಚು ತಿಂದರು. ಆಮೇಲೆ ವಾರಕ್ಕೆರಡು ಸುವಿಚಾರ ಬೂದಿಬೆಟ್ಟದಿಂದಲೇ. ಡ್ರ್ಯಾಗನ್ ಎಂದರೆ ಭೋರಿನವರಿಗೆ ತಿಳಿಯುವುದಿಲ್ಲ ಎಂದು ಎಲ್ಲ ಕಡೆ ಹುಲಿ ಮಾಡಿಬಿಟ್ಟಿರಿ.

ಮೊನ್ನೆ ಅಶ್ವಿತ್ ಆಫೀಸಿನಿಂದ ಬಂದು ಸೋಫಾದ ಮೇಲೆ ಉರುಳಿದ. ‘ಕುದುರೆ ದಣಿದ ದಿನ ರಾಜನೂ ನಡೆಯಬೇಕು’ ಎಂದೆ. ನಕ್ಕು ಎದ್ದು ಹೋಗಿ ರಾಶಿ ಬಿದ್ದಿದ್ದ ಮಗುವಿನ ಬಟ್ಟೆ ಒಗೆಯಲು ಹಾಕಿದ. ಮಾರನೆಯ ದಿನ ಅದನ್ನೇ ಹೇಳಿದೆ, ನಗಲಿಲ್ಲ. ಹೊಸದು ಬೇಕಾಗಿದೆ. ಕಳಿಸಿ.

ನಿಮ್ಮ
ಯಶ್ಮಿತಾ


ಭೋರ್
21 ಜುಲೈ 2025

ಮಗಾ ಯಶ್ಮಿತಾ,

ಪತ್ರ ಬಂತು. ಗಲ್ಲಾದ ಮೇಲೆ ಕೂತು ಎರಡು ಸಲ ಓದಿದೆ. ಮಧ್ಯೆ ಗಿರಾಕಿಗೆ ಚಿಲ್ಲರೆ ಕೊಡುವಾಗ ಇಪ್ಪತ್ತರ ಬದಲು ಐವತ್ತು ಕೊಟ್ಟೆ. ಅವನು ವಾಪಸು ಕೊಟ್ಟ. ಭೋರಿನಲ್ಲಿ ಇನ್ನೂ ಅಂಥವರಿದ್ದಾರೆ.

ಡೈರಿ ತೆಗೆದೆ. ಹದಿನೈದು ವರ್ಷದ್ದು ಇದೆ. ನೀನು ಕೊಟ್ಟ ಮಾತುಗಳ ಪಕ್ಕ ನಾನು ಸಣ್ಣದಾಗಿ ‘ಯ’ ಎಂದು ಗುರುತು ಹಾಕಿದ್ದೇನೆ. ಎರಡು ಕಳಿಸುತ್ತೇನೆ, ಒಟ್ಟಿಗೆ ಜಾಸ್ತಿ ಬೇಡ.

ಮೂರನೇ ಸಂಪುಟದ ಕುರುಡ ನಕ್ಷೆಗಾರ: ‘ನಕ್ಷೆಯಲ್ಲಿ ಬೆಟ್ಟ ಒಂದು ಗೆರೆ. ಹತ್ತುವವನು ಏದುಸಿರು ಬಿಟ್ಟರೆ ನಕ್ಷೆ ಸುಳ್ಳೆಂದಲ್ಲ, ಬೆಟ್ಟ ನಿಜವೆಂದು.’

ಎರಡನೇ ಸಂಪುಟದ ಕೋಟೆಯ ಅಡುಗೆಯವಳು: ‘ಭಯ ಮನೆಗೆ ಬಂದರೆ ಕೂರಲು ಮಣೆ ಕೊಡು. ನಿಂತಿರುವ ಭಯವೇ ಎತ್ತರ.’

ಇದನ್ನು ನಾನು ಆಪರೇಷನ್ನಿನ ಹಿಂದಿನ ದಿನ ಬೋರ್ಡಿನ ಮೇಲೆ ಬರೆದಿದ್ದೆ. ಯಾರಿಗೂ ಹೇಳಿರಲಿಲ್ಲ.

ಸಾವಂತ್ರವ್ವ ನಿನ್ನನ್ನು ಕೇಳಿದಳು. ನಿನಗೆ ನೆನಪಿರಬೇಕು, ವಿಜಯಪುರದ ಕಡೆಯವಳು, ನಿನ್ನ ಅಮ್ಮ ತೀರಿಕೊಂಡ ವರ್ಷ ಕೆಲಸಕ್ಕೆ ಬಂದವಳು, ಕಾಯಿ ತುರಿಯುತ್ತಾಳೆ, ಪಾತ್ರೆ ನೋಡಿಕೊಳ್ಳುತ್ತಾಳೆ. ಅವಳಿಗೆ ಓದು ಬಾರದು. ಮೊದಲು ದಿನಾ ಬೋರ್ಡನ್ನು ನಾನೇ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಈಗ ಆ ಕೆಲಸ ನಮ್ಮ ದೋಸೆ ಹಾಕುವ ಬಸವಲಿಂಗನದು. ಬಾಣಂತಿಗೆ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಬಿಡಬಾರದು ಎಂದು ಹೇಳಿಕಳಿಸಿದ್ದಾಳೆ.

ನೀನು ಧೈರ್ಯದ ಹುಡುಗಿ. ನಿದ್ದೆ ಮಾಡುತ್ತೀಯಲ್ಲ?

ಅಪ್ಪಯ್ಯ


ಖರಾಡಿ
2 ಆಗಸ್ಟ್ 2025

ಅಪ್ಪಯ್ಯನಿಗೆ,

ನಕ್ಷೆಗಾರನ ಮಾತು ಎರಡು ದಿನ ಕೆಲಸ ಮಾಡಿತು. ಮಗು ಎಷ್ಟು ಹೊತ್ತಿಗೆ ಹಾಲು ಕುಡಿಯಬೇಕು, ಎಷ್ಟು ಗಂಟೆ ಮಲಗಬೇಕು ಎಂದು ಹೇಳುವ ಆ್ಯಪ್ ಒಂದಿದೆ ನನ್ನ ಮೊಬೈಲಿನಲ್ಲಿ. ಅದರಲ್ಲಿ ಎಲ್ಲವೂ ಒಂದೊಂದು ಗೆರೆ. ನಾನು ಏದುಸಿರು ಬಿಡುತ್ತಿದ್ದೇನೆ, ಅಂದರೆ ಬೆಟ್ಟ ನಿಜ, ಎಂದುಕೊಂಡೆ. ಸ್ವಲ್ಪ ಹಗುರವಾಯಿತು. ಮೂರನೆಯ ದಿನ ಆ್ಯಪ್ ತೆಗೆದುಹಾಕಿದೆ, ಸಂಜೆ ಮತ್ತೆ ಹಾಕಿಕೊಂಡೆ.

ಅಡುಗೆಯವಳ ಮಾತಿನಂತೆ ಭಯಕ್ಕೂ ಮಣೆ ಕೊಟ್ಟೆ ಅಪ್ಪಯ್ಯ. ಕೂತಿತು. ಆದರೆ ಏಳುತ್ತಿಲ್ಲ. ನನ್ನ ತಟ್ಟೆಯಲ್ಲೇ ಉಣ್ಣುತ್ತಿದೆ.

ನಿದ್ದೆ ಮಾಡುತ್ತೀಯಲ್ಲ ಎಂದು ಕೇಳಿದ್ದೀರಿ. ಮಗು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಅವನು ಮಲಗುತ್ತಾನೆ, ನಾನು ಪಕ್ಕದಲ್ಲಿ ಕೂತು ಅವನ ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತೇನೆ. ನೂರಕ್ಕೆ ನಿಲ್ಲಿಸೋಣ ಎಂದುಕೊಳ್ಳುತ್ತೇನೆ. ನಿಲ್ಲಿಸಿದ ಮೇಲೆ ಏನಾದರೂ ಆದರೆ? ಮತ್ತೆ ಒಂದರಿಂದ. ಅಶ್ವಿತ್ ನಾನು ನೋಡಿಕೊಳ್ಳುತ್ತೇನೆ, ನೀನು ಒಳಗೆ ಹೋಗಿ ಮಲಗು ಎನ್ನುತ್ತಾನೆ. ಕಳೆದ ಭಾನುವಾರ ಮಗು ಅತ್ತಾಗ ಅವನು ಎತ್ತಿಕೊಂಡಿದ್ದ. ನಾನು ಕೋಣೆಯಿಂದ ಓಡಿ ಬಂದು ಕಸಿದುಕೊಂಡೆ. ಅವನ ಮೊಣಕೈ ತರಚಿತು. ಏನೂ ಅನ್ನಲಿಲ್ಲ ಅವನು. ಅಂದಿದ್ದರೆ ಚೆನ್ನಾಗಿತ್ತು.

ಮೊನ್ನೆ ಚುಚ್ಚುಮದ್ದಿಗೆ ಹೋಗಿದ್ದೆವು. ಡಾಕ್ಟರಮ್ಮ ಮಗುವನ್ನೆಲ್ಲ ನೋಡಿ ಮುಗಿಸಿ, ‘ಆಣಿ ಆಯೀ ಕಶೀ ಆಹೆ?’ ಎಂದು ನನ್ನನ್ನು ಕೇಳಿದರು. ತಾಯಿ ಹೇಗಿದ್ದಾಳೆ ಎಂದು. ನಾನು ‘ಮಸ್ತ್’ ಎಂದೆ. ಅವರು ಬರೆದುಕೊಂಡರು.

ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿಸಿದ್ದೇನೆ. ಪಾರಿವಾಳಗಳ ಕಾಟ ಎಂದು ಅಶ್ವಿತ್‌ಗೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಬೇರೆ ಮಾತು ಕಳಿಸಿ. ಭಯದ್ದು ಬೇಡ.

ಯಶ್ಮಿತಾ


ಭೋರ್
9 ಆಗಸ್ಟ್ 2025

ಮಗಾ,

ಪಾರಿವಾಳದ ಕಾಟ ಇಲ್ಲಿಯೂ ಇದೆ. ಬಲೆ ಕಟ್ಟಿಸಿದರೆ ಆಗುತ್ತದೆ, ಬೀಗ ಬೇಡ, ಗಾಳಿ ಬೇಕು ಮಗುವಿಗೆ.

ಹೋದ ವಾರ ಗಂಟಲು ತೋರಿಸಲು ಹೋಗಿದ್ದೆ. ಏನೂ ತೊಂದರೆ ಇಲ್ಲ ಎಂದರು. ಮಳೆಗೆ ಘಾಟಿನಲ್ಲಿ ಬಸ್ಸು ತಡವಾಗಿ ವ್ಯಾಪಾರ ಕಡಿಮೆ.

ನೀನು ಕೇಳಿದ ಹಾಗೆ ಭಯದ್ದಲ್ಲದ್ದು ಹುಡುಕಿದೆ. ಕಷ್ಟವಾಯಿತು, ನಿನ್ನ ಬೂದಿಬೆಟ್ಟದಲ್ಲಿ ಎಲ್ಲರೂ ಒಂದಲ್ಲ ಒಂದಕ್ಕೆ ಹೆದರುವವರೇ. ಇವು ಮೂರು ಸಿಕ್ಕವು.

‘ಸೋತ ಸೈನ್ಯವೂ ಬೆಳಿಗ್ಗೆ ಗಂಜಿ ಕಾಯಿಸುತ್ತದೆ.’

‘ನದಿಗೆ ಎರಡು ದಡವೂ ಬೇಕು, ಒಂದನ್ನೇ ಹೊಗಳಬೇಡ.’

‘ಹಾರಲಾರದ ಹುಲಿಯೂ ಮನೆ ಬೆಚ್ಚಗಿಡುತ್ತದೆ.’ (ಇದು ಡ್ರ್ಯಾಗನ್ ಇದ್ದದ್ದು. ಹುಲಿ ಹಾರುವುದು ಯಾವಾಗ ಎಂದು ಗಿರಾಕಿಗಳು ಕೇಳಿದ್ದು ನೆನಪಿದೆಯಾ?)

ಮೊದಲನೆಯದನ್ನು ನಿನ್ನೆ ಬೋರ್ಡಿಗೆ ಹಾಕಿದೆ. ಬಸವಲಿಂಗ ಓದಿ ಹೇಳಿದಾಗ ಸಾವಂತ್ರವ್ವ, ‘ಗಂಜಿ ಕಾಸಾಕ ಹೆಣಮಕ್ಕಳು ಇರತಾರಲ್ರಿ, ಸೈನ್ಯ ಯಾಕ ಕಾಸತೈತಿ’ ಎಂದಳಂತೆ. ಅಂಗಡಿಯೆಲ್ಲ ನಕ್ಕಿತು.

ಮೊಮ್ಮಗನಿಗೆ ಈ ಅಜ್ಜನ ಮುತ್ತು.

ಅಪ್ಪಯ್ಯ


ಖರಾಡಿ
18 ಆಗಸ್ಟ್ 2025

ಅಪ್ಪಯ್ಯನಿಗೆ,

ನಿಮಗೊಂದು ಸಂತೋಷದ ಸುದ್ದಿ. ಬೂದಿಬೆಟ್ಟದ ಆರನೆಯ ಪುಸ್ತಕ ಬಂದಿದೆ. ಇಷ್ಟು ವರ್ಷದ ಮೇಲೆ. ನಾನು ತರಿಸಿಕೊಂಡು ಓದಿದೆ. ಅದರಲ್ಲಿ ಕೋಟೆಯ ಗೋಪುರದ ಮೇಲೆ ಕಾವಲಿರುವ ಒಬ್ಬಳು ಬರುತ್ತಾಳೆ. ಒಳಗೆ ಅವಳ ಮಗು ಮಲಗಿದೆ. ಅವಳು ಹೇಳುವ ಮಾತು:

‘ಕಾವಲಿನವಳು ಇಳಿದು ಹೋದರೆ ಕೋಟೆ ಬೀಳುವುದಿಲ್ಲ. ಅವಳ ಹೆಜ್ಜೆಯ ಸದ್ದಿಲ್ಲದೆ ಒಳಗಿನ ಮಗು ಇನ್ನೂ ಚೆನ್ನಾಗಿ ನಿದ್ದೆ ಮಾಡುತ್ತದೆ.’

ಒಳ್ಳೆಯ ಮಾತು, ಅಲ್ಲವೇ? ಬೋರ್ಡಿಗೆ ಹಾಕಬಹುದು.

ಈ ವಾರ ಮನಸ್ಸು ಶಾಂತವಾಗಿದೆ. ಮನೆಯೆಲ್ಲ ಒಪ್ಪ ಮಾಡಿದೆ. ರಕ್ಷಿತನ ಬಟ್ಟೆಗಳನ್ನು ಎರಡು ವರ್ಷದವರೆಗಿನದ್ದು ತಿಂಗಳಿನ ಪ್ರಕಾರ ಬೇರೆ ಬೇರೆ ಚೀಲಕ್ಕೆ ಹಾಕಿ ಮೇಲೆ ಹೆಸರು ಬರೆದಿಟ್ಟಿದ್ದೇನೆ. ಯಾರು ನೋಡಿದರೂ ತಿಳಿಯುವ ಹಾಗೆ. ಬಾಟಲಿ ಹಾಲಿಗೂ ಒಗ್ಗಿಕೊಂಡ.

ಇನ್ನೊಂದು ಕೇಳಬೇಕಿತ್ತು. ಮುಂದೆ ಯಾವಾಗಲಾದರೂ ಬೇಕಾಗಿ ಬಂದರೆ ಅವನನ್ನು ಸ್ವಲ್ಪ ಕಾಲ ಭೋರಿನಲ್ಲಿ ಇಟ್ಟುಕೊಳ್ಳುತ್ತೀರಾ? ಸಾವಂತ್ರವ್ವ ಇದ್ದಾಳಲ್ಲ. ಗ್ರೈಂಡರಿನ ಸದ್ದಿಗೆ ಅವನು ಬೇಗ ಮಲಗುತ್ತಾನೆ ಎಂದು ನನಗನ್ನಿಸುತ್ತದೆ. ನಾನು ಹಾಗೇ ಮಲಗುತ್ತಿದ್ದೆ ಎಂದು ಅಮ್ಮ ಹೇಳುತ್ತಿದ್ದಳು.

ಅವಸರವಿಲ್ಲ. ಸುಮ್ಮನೆ ಕೇಳಿದೆ.

ನಿಮ್ಮ ಮಗಳು
ಯಶ್ಮಿತಾ


ಖರಾಡಿ, ನಿನ್ನ ಊಟದ ಮೇಜು
22 ಆಗಸ್ಟ್ 2025, ಮಧ್ಯಾಹ್ನ ಮೂರೂವರೆ

ಮಗಾ,

ನೀನು ಮಲಗಿದ್ದೀ. ಬಾಗಿಲು ಸ್ವಲ್ಪ ತೆರೆದಿಟ್ಟಿದ್ದೇನೆ. ರಕ್ಷಿತ ನನ್ನ ಎಡತೊಡೆಯ ಮೇಲಿದ್ದಾನೆ, ಹಾಗಾಗಿ ಅಕ್ಷರ ಸೊಟ್ಟ. ನನಗೆ ಬಾಯಿ ಇದ್ದಿದ್ದರೆ ನೀನು ಎದ್ದಮೇಲೆ ಹೇಳುತ್ತಿದ್ದೆ. ಸ್ಲೇಟಿನಲ್ಲಿ ಇಷ್ಟು ಹಿಡಿಸುವುದಿಲ್ಲ.

ನಿನ್ನ ಪತ್ರ ನಿನ್ನೆ ಸಂಜೆ ಬಂತು. ಓದಿ ಖುಷಿಯಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಮನಸ್ಸು ಶಾಂತವಾಗಿದೆ ಎಂದು ಬರೆದಿದ್ದಿ, ನಂಬಿದೆ. ಹೊಸ ಪುಸ್ತಕ ಬಂತಲ್ಲ ಎಂದುಕೊಂಡೆ. ಇವತ್ತು ಬೆಳಿಗ್ಗೆ ಆರಕ್ಕೆ ಆ ಮಾತನ್ನು ಮರಾಠಿ ಮಾಡಿ, ಒಳ್ಳೆಯ ಅಕ್ಷರದಲ್ಲಿ, ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿಗೆ ಹಾಕಿದೆ. ಚಹಾಕ್ಕೆ ಬರುವ ರಿಟೈರ್ಡ್ ಮಾಸ್ತರರು ನಿಂತು ಓದಿದರು. ನಾನಿಲ್ಲದಿದ್ದರೆ ಲೋಕ ನಡೆಯುವುದಿಲ್ಲ ಎನ್ನುವ ಅಹಂಕಾರಕ್ಕೆ ಇದು ಮದ್ದು ಎಂದು ಹೊಗಳಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ನಾನು ಗಲ್ಲಾದಲ್ಲಿ ಕೂತು ತಲೆಯಾಡಿಸಿದೆ. ನನ್ನ ಮಗಳು ಕಳಿಸಿದ್ದು ಎಂದು ಸ್ಲೇಟಿನ ಮೇಲೆ ಬರೆದೂ ತೋರಿಸಿದೆ.

ಏಳು ಗಂಟೆಗೆ ಬಸವಲಿಂಗ ಅದನ್ನು ಸಾವಂತ್ರವ್ವನಿಗೆ ಕನ್ನಡದಲ್ಲಿ ಹೇಳಿದ. ಅವಳು ಕಾಯಿ ತುರಿಯುತ್ತಿದ್ದಳು. ಇನ್ನೊಂದು ಸಲ ಹೇಳು ಎಂದಳು. ಅವನು ಹೇಳಿದ. ತುರಿಯುವುದನ್ನು ನಿಲ್ಲಿಸಿ ಸೀದಾ ಗಲ್ಲಾದ ಹತ್ತಿರ ಬಂದು ನಿಂತಳು. ಅವಳು ಗಿರಾಕಿಗಳಿರುವಾಗ ಹೊರಗೆ ಬರುವವಳಲ್ಲ.

‘ಸಾವಕಾರ್ರ, ಈ ಮಾತು ಆಡಿದಾಕಿ ಕೂಸು ಬಿಟ್ಟು ಹೋಗಾಕ ನಿಂತಾಳ್ರಿ. ಯಾರ್ರಿ ಆಕಿ?’

ಅದು ಕಥೆಪುಸ್ತಕದ್ದು ಮಾರಾಯ್ತಿ, ಹುಲಿ ಹಾರುವ ಪುಸ್ತಕ ಎಂದು ಬಸವಲಿಂಗ ಒಳಗಿನಿಂದ ನಕ್ಕ. ಅವಳು ನಗಲಿಲ್ಲ.

‘ಆಗಲ್ರಿ. ಆ ಪುಸ್ತಕದಾಗರ ಯಾರಾದರೂ ಹೋಗಿ ಆಕಿ ಕೈ ಹಿಡಕೊಂಡ್ರೋ ಇಲ್ಲೋ, ಅಷ್ಟು ಹೇಳ್ರಿ.’

ನಿನ್ನ ಪತ್ರ ತೆಗೆದು ಮತ್ತೆ ಓದಿದೆ. ಬಟ್ಟೆ ಚೀಲಗಳ ಮೇಲೆ ಹೆಸರು ಬರೆದದ್ದನ್ನು ಓದಿದೆ. ಬೇಕಾಗಿ ಬಂದರೆ ಎನ್ನುವುದನ್ನು ಓದಿದೆ. ಹಿಂದಿನ ಪತ್ರವನ್ನೂ ತೆಗೆದೆ. ‘ನಿಮಗೂ ಅದನ್ನೇ ಹೇಳುತ್ತೇನೆ’ ಎಂದು ನೀನು ಬರೆದಿದ್ದಿ. ನಾನು ಪಾರಿವಾಳಕ್ಕೆ ಬಲೆ ಕಟ್ಟಿಸು ಎಂದು ಬರೆದಿದ್ದೆ. ಇಡೀ ಊರಿಗೆ ಬುದ್ಧಿ ಹೇಳುವ ಬೋರ್ಡಿನ ಕೆಳಗೆ ಮೂವತ್ತು ವರ್ಷ ಕೂತವನು ನಾನು. ಕಾಯಿ ತುರಿಯುವವಳಿಗೆ ಒಂದು ಸಲ ಕೇಳಿದ್ದಕ್ಕೇ ತಿಳಿಯಿತು.

ಬೋರ್ಡನ್ನು ಕೈಯಿಂದಲೇ ಒರೆಸಿ ಏಳೂವರೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮಾತು ನನ್ನ ಅಂಗೈಯಲ್ಲಿ ಬಣ್ಣವಾಗಿ ಅಂಟಿಕೊಂಡಿತ್ತು. ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರಿಕ್ಷಾದವನಿಗೆ ವಿಳಾಸ ಬರೆದು ಕೊಟ್ಟೆ. ಬೇಗ ಹೋಗು ಎಂದು ಹೇಳಲು ನನ್ನಲ್ಲಿ ದನಿ ಇರಲಿಲ್ಲ. ಅವನ ಬೆನ್ನು ತಟ್ಟುತ್ತಾ ಬಂದೆ.

ನೀನು ಬಾಗಿಲು ತೆಗೆದೆ. ಎಂತಕ್ಕೆ ಬಂದಿರಿ ಅಪ್ಪಯ್ಯ, ಹೇಳದೆ ಕೇಳದೆ, ಎಂದು ನಗಲು ನೋಡಿದೆ. ನಾನು ಸ್ಲೇಟಿನ ಮೇಲೆ ಬರೆದೆ: ಆರನೆಯ ಪುಸ್ತಕ ತೋರಿಸು.

ನೀನು ಹೊಸ್ತಿಲಲ್ಲೇ ಕೂತುಬಿಟ್ಟೆ. ಆಮೇಲೆ ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಡೈರಿಯಲ್ಲೂ ಬರೆಯುವುದಿಲ್ಲ. ಕೇಳಿಸಿಕೊಂಡಿದ್ದೇನೆ, ಅಷ್ಟು ಸಾಕು.

ನೀನು ಮಲಗಿದ ಮೇಲೆ ಅಶ್ವಿತ್‌ಗೆ ಮೆಸೇಜು ಮಾಡಿದೆ. ‘ಬಾ’ ಎಂಬ ಒಂದೇ ಅಕ್ಷರ. ಹತ್ತು ನಿಮಿಷಕ್ಕೆ ಬಂದ. ಪತ್ರಗಳನ್ನು ಅವನ ಕೈಗೆ ಕೊಟ್ಟೆ. ನಿನ್ನನ್ನು ಕೇಳದೆ ಕೊಟ್ಟದ್ದಕ್ಕೆ ಬೈಯುವುದಾದರೆ ಎದ್ದಮೇಲೆ ಬೈ. ಓದಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದ, ಸುಮಾರು ಹೊತ್ತು. ಆಮೇಲೆ ಮಗುವಿನ ಡಾಕ್ಟರಿಗೆ ಫೋನು ಮಾಡಿದ. ಹೆರಿಗೆಯಾದ ಮೇಲೆ ಹೀಗಾಗುವುದು ಕಾಯಿಲೆ, ಇದಕ್ಕೆ ಔಷಧಿ ಇದೆ, ಒಂಟಿಯಾಗಿ ಬಿಡಬೇಡಿ ಎಂದರಂತೆ ಅವರು. ಒಬ್ಬ ಮನೋವೈದ್ಯರ ಹತ್ತಿರ ಇವತ್ತೇ ಆರು ಗಂಟೆಗೆ ಬರಹೇಳಿದ್ದಾರೆ. ನಾವೆಲ್ಲರೂ ಹೋಗುತ್ತೇವೆ. ಐದಕ್ಕೆ ನಿನ್ನನ್ನು ಎಬ್ಬಿಸುತ್ತೇನೆ.

ಹೋಟೆಲು ಬಸವಲಿಂಗ ನೋಡಿಕೊಳ್ಳುತ್ತಾನೆ. ನಾನು ಇಲ್ಲೇ ಇರುತ್ತೇನೆ.

ಮಗುವನ್ನು ಭೋರಿನಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ್ದೆಯಲ್ಲ, ನನ್ನ ಉತ್ತರ ‘ಇಲ್ಲ’. ನೀನಿಲ್ಲದೆ ಇಟ್ಟುಕೊಳ್ಳುವುದಿಲ್ಲ.

ಅಪ್ಪಯ್ಯ


ಖರಾಡಿ
12 ಅಕ್ಟೋಬರ್ 2025, ಭಾನುವಾರ

ಅಪ್ಪಯ್ಯನಿಗೆ,

ನೀವು ಭೋರಿಗೆ ಹಿಂತಿರುಗಿ ಇವತ್ತಿಗೆ ಒಂಬತ್ತು ದಿನ. ಆರು ವಾರ ನಮ್ಮ ಸೋಫಾದ ಮೇಲೆ ಮಲಗಿ ನಿಮ್ಮ ಬೆನ್ನು ಏನಾಗಿದೆಯೋ.

ಗುಳಿಗೆ ನಡೆದಿದೆ. ಮನೋವೈದ್ಯರು ಪ್ರತಿ ಗುರುವಾರ ಕರೆಯುತ್ತಾರೆ. ಮೊದಲ ವಾರಗಳಲ್ಲಿ ನಾನು ಅವರಿಗೂ ಬೂದಿಬೆಟ್ಟದ ಮಾತುಗಳಲ್ಲೇ ಉತ್ತರ ಕೊಡುತ್ತಿದ್ದೆ. ಅವರು ಒಂದು ದಿನ ಪೆನ್ನು ಕೆಳಗಿಟ್ಟು, ಚೆಂದವಾಗಿದೆ, ಇನ್ನು ಚೆಂದವಿಲ್ಲದ್ದನ್ನು ಹೇಳಿ ಎಂದರು. ಆಮೇಲೆ ‘ಮಗುವನ್ನು ಕಂಡರೆ ನನಗೆ ಏನೂ ಅನ್ನಿಸುತ್ತಿಲ್ಲ’ ಎಂದೆ. ಅದು ಯಾವ ಬೋರ್ಡಿಗೂ ಹಾಕುವ ಮಾತಲ್ಲ. ಅವರು ತಲೆಯಾಡಿಸಿ ಅದನ್ನು ಬರೆದುಕೊಂಡರು. ಬೆಚ್ಚಲಿಲ್ಲ.

ಒಳ್ಳೆಯದಾಗಿದೆ ಎಂದು ಬರೆದರೆ ನೀವು ನಂಬಬಾರದು. ಕೆಲವು ದಿನ ನಾಲ್ಕು ಗಂಟೆ ನಿದ್ದೆ ಬರುತ್ತದೆ, ಕೆಲವು ದಿನ ಒಂದೂವರೆ. ಗುಳಿಗೆಯಿಂದ ಬಾಯಿ ಒಣಗುತ್ತದೆ. ಬುಧವಾರ ಸಂಜೆ ಮತ್ತೆ ಆ ಯೋಚನೆ ಬಂತು. ಬಾಗಿಲಲ್ಲಿ ನಿಂತು ಹೋಯಿತು. ಹೋದಮೇಲೆ ಅಶ್ವಿತ್‌ಗೆ ಹೇಳಿದೆ. ಅವನು ಕೆಲಸ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ. ಒಂದು ಕಿತ್ತಳೆ ಸುಲಿದು ಕೊಟ್ಟ.

ಸಾವಂತ್ರವ್ವನಿಗೆ ಏನು ಹೇಳಿಕಳಿಸಬೇಕು ಎಂದು ಯೋಚಿಸಿದೆ. ಥ್ಯಾಂಕ್ಸ್ ಎಂದರೆ ಅವಳು ಎದಕ್ರಿ ಎನ್ನುತ್ತಾಳೆ. ಅವಳ ಪ್ರಶ್ನೆಗೆ ಮಾತ್ರ ಉತ್ತರ ಹೇಳಿ. ಆ ಪುಸ್ತಕ ಬರೆದವರು ಐದೇ ಬರೆದದ್ದು. ಆದರೆ ಆ ಕಾವಲಿನವಳ ಕೈಯನ್ನು ಯಾರೋ ಹಿಡಿದುಕೊಂಡರು, ಕೋಟೆಯ ಹೊರಗಿನಿಂದ ಬಂದು.

ಇದು ಹಗಲು ಹನ್ನೆರಡು ಗಂಟೆ. ನಾನು ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ರಕ್ಷಿತ ಒಳಗೆ ಎದ್ದು ಅಳಲು ಶುರುಮಾಡಿದ. ನನ್ನ ಮೊಣಕಾಲು ತಾನಾಗಿ ಎದ್ದಿತು, ಪೆನ್ನು ಜಾರಿ ಇಲ್ಲೊಂದು ಗೆರೆ ಬಿದ್ದಿದೆ ನೋಡಿ. ಅಶ್ವಿತ್ ನಾನು ಹೋಗುತ್ತೇನೆ ಎಂದ. ಹೋದ. ಎತ್ತಿಕೊಂಡ ಸದ್ದು ಕೇಳಿತು. ಮಗು ಇನ್ನೂ ಅಳುತ್ತಿದೆ. ಜೋರಾಗಿಯೇ ಅಳುತ್ತಿದೆ. ಅಶ್ವಿತ್ ಅವನಿಗೆ ಏನೋ ಸುಳ್ಳು ಕಥೆ ಹೇಳುತ್ತಿದ್ದಾನೆ, ರಾಗವೇ ಇಲ್ಲದ ದನಿಯಲ್ಲಿ.

ನಾನು ಏಳುತ್ತಿಲ್ಲ, ಅಪ್ಪಯ್ಯ.

ಯಶ್ಮಿತಾ